ಅಳಿಲು ಕಡಿದಿದ್ದಕ್ಕೆ ಲಿನಕ್ಸ್‌ಗೆ ಬೈದೆ

ಶನಿವಾರ ರಾತ್ರಿ ಒಂಬತ್ತೂವರೆ. ತುಮಕೂರಿನ ಪ್ರೆಸ್‌ಗೆ ಮೂರು ಲಗ್ನಪತ್ರಿಕೆ ಮುಗಿಸಿ ಕಳಿಸಬೇಕಿತ್ತು, ಭಾನುವಾರ ಬೆಳಗ್ಗೆಯೇ ಪ್ರಿಂಟಿಗೆ ಹೋಗಬೇಕು. ಲ್ಯಾಪ್‌ಟಾಪ್ ಅಪ್‌ಡೇಟ್ ಇದೆ ಅಂತ ಎರಡು ದಿನದಿಂದ ಹೇಳುತ್ತಿತ್ತು. ಸರಿ ಮಾಡ್ಕೋ ಅಂತ ಒತ್ತಿ ಊಟಕ್ಕೆ ಎದ್ದೆ. ಬಂದು ರೀಸ್ಟಾರ್ಟ್ ಮಾಡಿದರೆ ವೈ-ಫೈ ಇಲ್ಲ. ಕನೆಕ್ಟ್ ಆಗುತ್ತಿಲ್ಲ ಅಂತಲ್ಲ, ವೈ-ಫೈ ಅನ್ನೋ ಸಾಲೇ ಮೆನುವಿನಿಂದ ಮಾಯ.

ಹೊರಗೆ ಭರಣಿ ಮಳೆ ಎರಡು ಗಂಟೆ ಹೊಡೆದು ಆಗಷ್ಟೇ ನಿಂತಿತ್ತು. ಅಮ್ಮ ಒಳಗಿನಿಂದ ‘ನನ್ ಫೋನಲ್ಲೂ ಏನೂ ಬತ್ತಿಲ್ಲ ಕಣಪ್ಪ, ಸುಮ್ನೆ ಸುತ್ತುತಾ ಐತೆ’ ಅಂದಳು. ನಿನ್ನ ಫೋನಿನ ಕತೆ ಬೇರೆ, ಇದು ಬೇರೆ ಅಂತ ಹೇಳಿ ನನ್ನ ಕೆಲಸ ನೋಡಿಕೊಂಡೆ.

ನಮ್ಮಲ್ಲಿ ಇಂಟರ್ನೆಟ್ ಬರುವ ದಾರಿ ಸ್ವಲ್ಪ ವಿಚಿತ್ರ, ಅದನ್ನು ಮೊದಲು ಹೇಳಬೇಕು. ಮನೆ ಇರುವುದು ತಿಪಟೂರಿನಿಂದ ಒಂದಿಷ್ಟು ಒಳಗೆ, ತೆಂಗಿನ ತೋಟದಲ್ಲಿ. ಫೈಬರ್ ಬಂದಿರುವುದು ರಸ್ತೆ ಪಕ್ಕದ ಚಿಕ್ಕಪ್ಪನ ಮನೆಗೆ. ಅವರ ಕೊಬ್ಬರಿ ಅಟ್ಟದ ಕೆಳಗೆ ಮುಖ್ಯ ರೂಟರ್ ಇದೆ, ಅದರ ವಿಳಾಸ 192.168.1.1. ಅಲ್ಲಿಂದ ನಮ್ಮ ಮನೆಗೆ ಹತ್ತಿರ ಹತ್ತಿರ 60 ಮೀಟರ್ ಲ್ಯಾನ್ ಕೇಬಲ್, ಮರದಿಂದ ಮರಕ್ಕೆ ಕಟ್ಟಿಕೊಂಡು ಎಳೆದಿದ್ದೇವೆ. ಈ ಕೇಬಲ್‌ನ ಮಿತಿ 100 ಮೀಟರ್, ಆದ್ದರಿಂದ ಉದ್ದದ ತಕರಾರು ಏನಿಲ್ಲ. ನಮ್ಮ ಮನೆಯಲ್ಲಿ ಒಂದು ಹಳೇ ರೂಟರ್ ಅದನ್ನು ತಗೊಂಡು ವೈ-ಫೈ ಮಾಡಿ ಹಂಚುತ್ತದೆ. ಅದರ ವಿಳಾಸ 192.168.0.1. ಅಂದರೆ ನನ್ನ ಲ್ಯಾಪ್‌ಟಾಪ್‌ಗೂ ಊರಾಚೆಯ ಇಂಟರ್ನೆಟ್‌ಗೂ ನಡುವೆ ಎರಡು ರೂಟರ್, ಒಂದಿಷ್ಟು ತೆಂಗಿನ ಮರ.

ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಬಿಟ್ಟಿ ಆಪರೇಟಿಂಗ್ ಸಿಸ್ಟಂ, ನನ್ನ ಆಸೆಯಿಂದ ಬಂದಿದ್ದಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 11 ಹಾಕೋಣ ಅಂದರೆ ನನ್ನ ಹಳೇ ಲ್ಯಾಪ್‌ಟಾಪ್ ಅದಕ್ಕೆ ಅರ್ಹ ಅಲ್ಲವಂತೆ. ಹೊಸದು ತಗೊಳ್ಳೋಕೆ ದುಡ್ಡಿಲ್ಲ. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನೊಬ್ಬ ಒಂದು ಮಧ್ಯಾಹ್ನ ಕೂತು ಲಿನಕ್ಸ್ ಹಾಕಿಕೊಟ್ಟ. ಆರು ತಿಂಗಳು ಒಂದು ಕಿರಿಕಿರಿಯೂ ಇರಲಿಲ್ಲ, ಕನ್ನಡ ಯೂನಿಕೋಡ್ ಟೈಪಿಂಗ್ ಮೊದಲಿಗಿಂತ ಚೆನ್ನಾಗೇ ಇತ್ತು. ಆದರೂ ನಂಬಿಕೆ ಪೂರ್ತಿ ಕೂತಿರಲಿಲ್ಲ ಅನ್ಸುತ್ತೆ. ಏನಾದರೂ ಕೆಟ್ಟರೆ ಬೈಯೋಕೆ ಆಳು ರೆಡಿ ಇದ್ದ.

ಆ ರಾತ್ರಿ ಮಾಡಿದ್ದು ಇಷ್ಟು. ವೈ-ಫೈ ಇಲ್ಲ ಅಲ್ವಾ, ತಂತಿ ಹಾಕೋಣ ಅಂತ ಚಿಕ್ಕ ಲ್ಯಾನ್ ಕೇಬಲ್ ಹುಡುಕಿ ಲ್ಯಾಪ್‌ಟಾಪ್‌ನಿಂದ ನಮ್ಮ ರೂಟರ್‌ಗೆ ಚುಚ್ಚಿದೆ. ಕನೆಕ್ಟೆಡ್ ಅಂತ ತೋರಿಸಿತು. ಬ್ರೌಸರ್ ತೆಗೆದರೆ ಒಂದು ಪುಟವೂ ಬರಲಿಲ್ಲ. ನೋಡಿದ್ಯಾ, ಅಪ್‌ಡೇಟ್ ಎರಡನ್ನೂ ಹಾಳು ಮಾಡಿದೆ, ತಂತಿಯದ್ದೂ ಹೋಯ್ತು, ಗಾಳಿಯದ್ದೂ ಹೋಯ್ತು ಅಂತ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ತಲೆ ಬಿಸಿಯಲ್ಲಿ ಸೆಟ್ಟಿಂಗ್ಸ್‌ಗೆ ನುಗ್ಗಿ ಕಂಡಿದ್ದನ್ನೆಲ್ಲ ಒತ್ತಿದೆ. ಹಾಗೆ ಒತ್ತಿದ್ದರಲ್ಲಿ ಒಂದು, ತಂತಿ ಸಂಪರ್ಕಕ್ಕೆ ಕೈಯಾರೆ 192.168.1.50 ಅಂತ ವಿಳಾಸ ಕೊಟ್ಟು, ಗೇಟ್‌ವೇ (ಇಂಟರ್ನೆಟ್‌ಗೆ ಹೋಗುವ ಹೊರಬಾಗಿಲು) ಜಾಗದಲ್ಲಿ ಚಿಕ್ಕಪ್ಪನ ರೂಟರ್‌ನ 192.168.1.1 ತುಂಬಿದ್ದು. ಕೆಲಸ ಮಾಡಲಿಲ್ಲ. ಸೇವ್ ಮಾಡಿದ್ದನ್ನು ಹಾಗೇ ಬಿಟ್ಟು ಮರೆತೆ. ಈ ಮರೆವಿಗೆ ಆಮೇಲೆ ಸರಿಯಾಗಿ ದಂಡ ಕಟ್ಟಿದೆ.

ಕೊನೆಗೆ ಕೈ ಹಿಡಿದಿದ್ದು ಯುಎಸ್‌ಬಿ ಟೆದರಿಂಗ್. ಲಿನಕ್ಸ್ ಬಳಸುವ ಎಲ್ಲರೂ ಇದೊಂದನ್ನು ಗೊತ್ತು ಮಾಡಿಕೊಂಡಿರಬೇಕು. ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ಇನ್ನೊಂದು ತಂತಿ ಸಂಪರ್ಕ ಅಂತಲೇ ತಿಳಿಯುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನಿಗೆ ಬೇರೆ ಡ್ರೈವರ್, ಅಂದರೆ ಆ ಸಾಧನವನ್ನು ಮಾತಾಡಿಸುವ ಸಾಫ್ಟ್‌ವೇರ್, ಹಾಕುವ ಕೆಲಸ ಇಲ್ಲ. ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ತಾರಸಿ ಮೇಲೆ, ಅದೂ ನೀರಿನ ಟ್ಯಾಂಕ್ ಪಕ್ಕ. ಒದ್ದೆ ತಾರಸಿಯಲ್ಲಿ ಗೋಣಿಚೀಲ ಹಾಸಿಕೊಂಡು, ಲ್ಯಾಪ್‌ಟಾಪ್ ಬೆಳಕಿಗೆ ಬಂದ ಮಳೆಹುಳಗಳನ್ನು ಉಜ್ಜಿ ಉಜ್ಜಿ ಒರೆಸುತ್ತಾ, ರಾತ್ರಿ ಹನ್ನೊಂದೂಮುಕ್ಕಾಲಿಗೆ ಮೂರೂ ಫೈಲ್ ಕಳಿಸಿದೆ. ಆಗಲೇ ಒಂದು ವಿಷಯ ಹೊಳೆಯಬೇಕಿತ್ತು. ಫೋನಿನಿಂದ ಇಂಟರ್ನೆಟ್ ಬಂತು ಅಂದರೆ ಲಿನಕ್ಸ್, ಬ್ರೌಸರ್, ಎಲ್ಲ ನೆಟ್ಟಗಿವೆ ಅಂತ ಅಲ್ವಾ? ಹೊಳೆಯಲಿಲ್ಲ. ಬೈದುಕೊಂಡು ಮಲಗಿದೆ.

ಬೆಳಗ್ಗೆ ಚಿಕ್ಕಪ್ಪ ಬಂದಿದ್ದರು. ಅಮ್ಮ ಎಲ್ಲ ಹೇಳಿದಳು. ‘ಬಿಟ್ಟಿ ಸಿಕ್ಕಿದ್ದು ಹಂಗೇ ಕಣ್ಲಾ, ದುಡ್ ಕೊಟ್ಟು ತಗಂಡಿದ್ರೆ ನೆಟ್ಟಗೆ ಇರದು’ ಅಂದರು. ಅವರ ಮನೆಯ ಇಂಟರ್ನೆಟ್ ಸರಿಯಾಗೇ ಇತ್ತು, ಆದ್ದರಿಂದ ತಪ್ಪು ನನ್ನದೇ ಅಂತಾಯಿತು.

ಗೆಳೆಯನಿಗೆ ಫೋನ್ ಮಾಡಿದೆ. ತಾರಸಿ ಮೇಲಿಂದಲೇ. ಅವನು ಮೊದಲು ಆರ್‌ಎಫ್‌ಕಿಲ್ ಅಂತ ಟೈಪ್ ಮಾಡು ಗುರು ಅಂದ. ವೈ-ಫೈಯನ್ನು ಯಾವುದಾದರೂ ಬಟನ್ ಆಫ್ ಮಾಡಿದೆಯಾ ಅಂತ ಹೇಳುವ ಕಮಾಂಡ್ ಅದು. ಸಾಫ್ಟ್ ಬ್ಲಾಕ್ ಅಂದರೆ ಸಾಫ್ಟ್‌ವೇರ್ ಕಡೆಯಿಂದ ಆಫ್, ಹಾರ್ಡ್ ಬ್ಲಾಕ್ ಅಂದರೆ ಲ್ಯಾಪ್‌ಟಾಪ್‌ನ ಸ್ವಿಚ್ಚೋ ಕೀಲಿಯೋ ಆಫ್. ನನ್ನದರಲ್ಲಿ ಬ್ಲೂಟೂತ್ ಒಂದೇ ಕಾಣಿಸಿತು, ವೈ-ಫೈಯ ಹೆಸರೇ ಪಟ್ಟಿಯಲ್ಲಿಲ್ಲ. ಹಾಗಾದ್ರೆ ಆಫ್ ಆಗಿಲ್ಲ, ಡ್ರೈವರ್ರೇ ಬಂದಿಲ್ಲ ಅಂದ. ಆಮೇಲೆ ಒಂದೊಂದೇ ಅಕ್ಷರ ಹೇಳಿ ಬರೆಸಿದ, ಎಲ್, ಎಸ್, ಪಿ, ಸಿ, ಐ, ಒಂದು ಸ್ಪೇಸ್, ಒಂದು ಅಡ್ಡಗೆರೆ, ಕೆ. ಉದ್ದದ ಪಟ್ಟಿ ಬಂತು. ಅದರಲ್ಲಿ ಒಂದೊಂದು ಭಾಗದ ಕೆಳಗೂ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಒಂದು ಸಾಲು ಇರುತ್ತದೆ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಲ್ಯಾನ್ ಪೋರ್ಟ್‌ನ ಕೆಳಗೆ ಇತ್ತು. ವೈ-ಫೈ ಕಾರ್ಡ್‌ನ ಹೆಸರು ಮಾತ್ರ ಇತ್ತು, ಆ ಸಾಲು ಇರಲಿಲ್ಲ.

ಅಂದರೆ ಕಾರ್ಡ್ ಜೀವಂತ ಇದೆ, ಅದನ್ನು ಮಾತಾಡಿಸುವವರು ಯಾರೂ ಇಲ್ಲ.

ಅವನು ಮಾಡಿಸಿದ ಪರೀಕ್ಷೆ ನನಗೆ ತುಂಬಾ ಇಷ್ಟವಾಯಿತು. ರೀಸ್ಟಾರ್ಟ್ ಮಾಡು, ಶುರುವಲ್ಲೇ ಬರೋ ಗ್ರಬ್ ಅನ್ನೋ ಮೆನು ಕಾಣೋ ಹಾಗೆ ಮಾಡಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗು, ಅಲ್ಲಿ ಹಳೇ ಕರ್ನಲ್ ಇರುತ್ತೆ, ಅದರಿಂದ ಶುರು ಮಾಡು ಅಂದ. ಮಾಡಿದೆ. ವೈ-ಫೈ ಪಟ್ಟಿ ಟಪ್ ಅಂತ ಬಂತು! ಹೊಸ ಕರ್ನಲ್ ಬಂದಾಗ ಹಳೆಯದನ್ನು ಕೂಡಲೇ ಅಳಿಸದೆ ಇಟ್ಟುಕೊಂಡಿರುತ್ತದೆ, ಇಂಥ ಹೊತ್ತಿಗೆ ಅಂತಲೇ. ಇದು ವಿಂಡೋಸ್‌ನಲ್ಲಿ ನಾನು ಕಂಡಿರಲಿಲ್ಲ.

ಕಾರಣ ಸರಳ. ಹೆಚ್ಚಿನ ವೈ-ಫೈ ಕಾರ್ಡ್‌ಗಳ ಡ್ರೈವರ್ ಕರ್ನಲ್ ಒಳಗೇ ಇರುತ್ತದೆ. ನನ್ನ ಹಳೇ ಕಾರ್ಡ್‌ನದ್ದು ಹಾಗಲ್ಲ, ಹೊರಗಿನಿಂದ ಹಾಕಬೇಕಾದ್ದು. ಅಂಥ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೂ ಹೊಸದಾಗಿ ಹೊಲಿದು ಕೊಡಬೇಕು, ಡಿಕೆಎಂಎಸ್ ಅನ್ನೋ ಒಂದು ವ್ಯವಸ್ಥೆ ಆ ಕೆಲಸ ತಾನೇ ಮಾಡುತ್ತದೆ. ಆದರೆ ಹೊಲಿಯೋಕೆ ಅಳತೆ ಬೇಕಲ್ಲ. ಆ ಅಳತೆಯೇ ಕರ್ನಲ್ ಹೆಡರ್ಸ್ ಅನ್ನೋ ಪ್ಯಾಕೇಜ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೊಸ ಕರ್ನಲ್ ಬಂದಿತ್ತು, ಅದರ ಹೆಡರ್ಸ್ ಬಂದಿರಲಿಲ್ಲ. ಫೋನಿನ ಇಂಟರ್ನೆಟ್‌ನಲ್ಲೇ ಹೆಡರ್ಸ್ ಇಳಿಸಿದೆ. ಅದು ಇಳಿದ ಕೂಡಲೇ ಡಿಕೆಎಂಎಸ್ ತಾನಾಗೇ ಕೆಲಸ ಶುರು ಮಾಡಿ ಎರಡು ನಿಮಿಷಕ್ಕೆ ಮುಗಿಸಿತು. ಹೊಸ ಕರ್ನಲ್‌ಗೇ ವಾಪಸ್ ಬಂದೆ. ವೈ-ಫೈ ಇದೆ. ಸಿಗ್ನಲ್ ಕಡ್ಡಿ ಪೂರ್ತಿ ಇದೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಶುರುವಿನಲ್ಲೇ ತಡೆಯುವ ಕಾವಲು) ಆನ್ ಇರುವವರಿಗೆ ಇಲ್ಲಿ ಇನ್ನೊಂದು ಮೆಟ್ಟಿಲು ಇರುತ್ತದೆ. ಇಂಥ ಡ್ರೈವರ್ ಮೊದಲ ಸಲ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ರೀಸ್ಟಾರ್ಟ್‌ನಲ್ಲಿ ಒಂದು ನೀಲಿ ಪರದೆ ತೋರಿಸುತ್ತದೆ. ಅಲ್ಲಿ ಎನ್‌ರೋಲ್ ಮಾಡಿ ಆ ಪಾಸ್‌ವರ್ಡ್ ಕೊಡಬೇಕು. ಅದು ಕಾಯುವುದು ಹತ್ತೇ ಸೆಕೆಂಡ್. ಗೆಳೆಯ ನವೆಂಬರ್‌ನಲ್ಲಿ ಲಿನಕ್ಸ್ ಹಾಕುವಾಗ ಟೀ ಕುಡಿಯುತ್ತಾ ಅದನ್ನು ತಪ್ಪಿಸಿಕೊಂಡು ಮೊದಲಿಂದ ಮಾಡಿದ್ದ, ಆದ್ದರಿಂದ ನೆನಪಿದೆ.

ಸರಿ, ವೈ-ಫೈ ಬಂತು. ಚಿಕ್ಕಪ್ಪನಿಗೆ ತೋರಿಸಬೇಕು ಅಂತ ಬ್ರೌಸರ್ ತೆಗೆದೆ. ಖಾಲಿ ಪುಟ.

ಆ ಕ್ಷಣ ಲ್ಯಾಪ್‌ಟಾಪ್ ಎತ್ತಿ ಬಾವಿಗೆ ಹಾಕಬೇಕು ಅನ್ಸಿತ್ತು ನಿಜ. ಗೆಳೆಯ ಫೋನಿನಲ್ಲೇ ಇದ್ದ. ಪವರ್ ಸೇವಿಂಗ್ ಇರಬಹುದಾ ಅಂದ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನ ಫೈಲ್‌ನಲ್ಲಿ ವೈ-ಫೈ ಪವರ್‌ಸೇವ್ 3 ಅಂತ ಇದ್ದರೆ ಆನ್, 2 ಮಾಡಿದರೆ ಆಫ್. ಮಾಡಿ ನೋಡಿದೆವು, ಏನೂ ಬದಲಾಗಲಿಲ್ಲ. ವೈ-ಫೈ ಆಗಾಗ ನಿಂತು ನಿಂತು ಬರುವವರಿಗೆ ಅದು ಮದ್ದು, ನನ್ನ ರೋಗ ಬೇರೆ.

‘ಪಿಂಗ್ ಮಾಡ್ತಾ ಹೋಗೋಣ, ಹತ್ತಿರದಿಂದ ದೂರಕ್ಕೆ’ ಅಂದ. ಪಿಂಗ್ ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದಾ ಅಂತ ನೋಡುವುದು. ಮೊದಲು ನಮ್ಮ ರೂಟರ್, 192.168.0.1. ಎರಡು ಮಿಲಿಸೆಕೆಂಡಿಗೆ ಉತ್ತರ. ಆಮೇಲೆ ಚಿಕ್ಕಪ್ಪನ ರೂಟರ್, 192.168.1.1. ಉತ್ತರ ಇಲ್ಲ. ಆಮೇಲೆ ಊರಾಚೆಯ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ, 8.8.8.8. ಅದೂ ಇಲ್ಲ. ಈ ಮೂರನೆಯದು ಬಂದು, ವೆಬ್‌ಸೈಟ್ ಹೆಸರು ಹಾಕಿದಾಗ ಮಾತ್ರ ಬರದಿದ್ದರೆ ಡಿಎನ್‌ಎಸ್, ಅಂದರೆ ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆ, ಕೆಟ್ಟಿದೆ ಅಂತ ಅರ್ಥವಂತೆ. ನನಗೆ ಅಷ್ಟು ದೂರ ಹೋಗುವ ಪ್ರಮೇಯವೇ ಬರಲಿಲ್ಲ, ತೋಟದಲ್ಲೇ ನಿಂತಿತ್ತು. ಸಿಗ್ನಲ್ ಕಡ್ಡಿ ಪೂರ್ತಿ ಇದೆಯಲ್ಲ ಮಾರಾಯ ಅಂದೆ. ಅದು ನಿನ್ನ ಲ್ಯಾಪ್‌ಟಾಪ್‌ಗೂ ನಿಮ್ಮ ಮನೆ ರೂಟರ್‌ಗೂ ಇರೋ ಸ್ನೇಹ, ರೂಟರ್ ಹಿಂದೆ ಏನಿದೆ ಅಂತ ಕಡ್ಡಿಗೆ ಗೊತ್ತಿರಲ್ಲ ಅಂದ. ಆಮೇಲೆ ಕೇಳಿದ.

‘ಮನೇಲಿ ಬೇರೆ ಫೋನಲ್ಲಿ ಬರ್ತಾ ಇದೆಯಾ?’

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅಮ್ಮ ಹಿಟ್ಟು ಕಲಸುತ್ತಿದ್ದಳು. ನಿನ್ನ ಫೋನಲ್ಲಿ ವೈ-ಫೈ ಬರ್ತಿದೆಯಾ ಅಮ್ಮ ಅಂತ ಕೇಳಿದೆ. ‘ನೆನ್ನೆ ರಾತ್ರಿನೇ ಹೇಳ್ಲಿಲ್ವಾ’ ಅಂದಳು, ತಲೆ ಎತ್ತದೆ.

ಫೋನ್ ಇಟ್ಟು ರೂಟರ್ ಹತ್ತಿರ ಹೋದೆ. ಉದ್ದದ ಕೇಬಲ್ ಕಿತ್ತು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಐಪಿ ಲಿಂಕ್ ಅಂತ ಟೈಪ್ ಮಾಡಿದರೆ ನೋ ಕ್ಯಾರಿಯರ್ ಅಂತ ಬಂತು. ಅಂದರೆ ಆ ಕಡೆ ಯಾರೂ ಇದ್ದಂತೆ ಕಾಣುತ್ತಿಲ್ಲ ಅಂತ. ಲ್ಯಾಪ್‌ಟಾಪ್ ಎತ್ತಿಕೊಂಡು ಚಿಕ್ಕಪ್ಪನ ಮನೆಗೆ ನಡೆದೆ, ಅವರ ರೂಟರ್‌ಗೆ ಚಿಕ್ಕ ಕೇಬಲ್ ಹಾಕಿದೆ, ಇಂಟರ್ನೆಟ್ ಸಲೀಸಾಗಿ ಬಂತು. ಎಥ್‌ಟೂಲ್ ಅನ್ನೋ ಕಮಾಂಡ್ ವೇಗ 1000 ಎಂಬಿಪಿಎಸ್ ಅಂತ ತೋರಿಸಿತು. ಪೋರ್ಟ್ ಸರಿ, ಲಿನಕ್ಸ್ ಸರಿ, ಚಿಕ್ಕಪ್ಪನ ಇಂಟರ್ನೆಟ್ ಸರಿ. ಉಳಿದಿದ್ದು ಅವೇ 60 ಮೀಟರ್.

ಎಲ್ಲಿ ಅಂತ ಹುಡುಕುವುದು? ಅಲ್ಲಲ್ಲಿ ಗರಿಯ ಮರೆ, ಅಲ್ಲಲ್ಲಿ ಮೆಣಸಿನ ಬಳ್ಳಿ ಹಬ್ಬಿದೆ. ಡಿಮೆಸೆಜ್ ಅನ್ನೋ ಕಮಾಂಡ್‌ಗೆ ಡಬ್ಲ್ಯೂ ಸೇರಿಸಿದರೆ ಕರ್ನಲ್ ಆಡುವ ಮಾತು ಆಗಿಂದಾಗಲೇ ಪರದೆ ಮೇಲೆ ಬರುತ್ತಾ ಇರುತ್ತದೆ. ಲ್ಯಾಪ್‌ಟಾಪ್ ಜಗಲಿ ಮೇಲಿಟ್ಟು, ಉದ್ದದ ಕೇಬಲ್ ಮತ್ತೆ ಚುಚ್ಚಿ, ಅದನ್ನು ಓಡಿಸಿ ಕೂತೆ. ಚಿಕ್ಕಪ್ಪನ ಮಗನಿಗೆ ಮರದಿಂದ ಮರಕ್ಕೆ ಹೋಗಿ ಕೇಬಲ್ ಮೆಲ್ಲಗೆ ಅಲ್ಲಾಡಿಸು ಅಂದೆ. ಒಂದನೇ ಮರ, ಏನಿಲ್ಲ. ಎರಡನೇ ಮರ, ಏನಿಲ್ಲ. ಮೂರನೇ ಮರದ ಹತ್ತಿರ ಅವನು ಕೈ ಹಾಕಿದ ಕೂಡಲೇ ಪರದೆ ಮೇಲೆ ‘ಲಿಂಕ್ ಈಸ್ ಅಪ್, 100 ಎಂಬಿಪಿಎಸ್’ ಅಂತ ಒಂದು ಸಾಲು ಬಂತು. ಎರಡು ಸೆಕೆಂಡ್ ಬಿಟ್ಟು ‘ಲಿಂಕ್ ಈಸ್ ಡೌನ್’. ಮತ್ತೆ ಅಪ್. ಮತ್ತೆ ಡೌನ್. ‘ಅಲ್ಲೇ, ಅಲ್ಲೇ, ಅಲ್ಲಾಡಿಸ್ಬೇಡ!’ ಅಂತ ಕೂಗಿಕೊಂಡು ಓಡಿದೆ.

ಏಣಿ ಹಾಕಿ ನೋಡಿದರೆ ಒಂದು ಗೇಣಿನಷ್ಟು ಉದ್ದ ಕೇಬಲ್‌ನ ಹೊರ ಸಿಪ್ಪೆಯೇ ಇಲ್ಲ. ಬಾಳೆನಾರು ಬಿಡಿಸಿದ ಹಾಗೆ ಸುಲಿದಿದೆ. ಒಳಗಿನ ಎಂಟು ತಂತಿಯಲ್ಲಿ ನೀಲಿ ಜೋಡಿ, ಕಂದು ಜೋಡಿ ಪೂರ್ತಿ ತುಂಡು, ತುದಿಯ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದೆ. ಕಿತ್ತಳೆ ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಲ್ಲಿ ನಿಂತಿದೆ. ಸುತ್ತ ಚಿಕ್ಕ ಚಿಕ್ಕ ಹಲ್ಲಿನ ಗುರುತು. ಚಿಕ್ಕಪ್ಪ ಕೆಳಗಿಂದಲೇ ‘ಅಳ್ಳು ಕಣ್ಲಾ ಅದು’ ಅಂದರು. ಎಳನೀರು ಕೊರೆದು ಕುಡಿಯುವ ಜಾತಿ, ಪ್ಲಾಸ್ಟಿಕ್ ಯಾವ ಲೆಕ್ಕ.

ಕಿಲುಬು ನೋಡಿದ ಮೇಲೆ ಪೂರ್ತಿ ಕತೆ ಅರ್ಥವಾಯಿತು. 1000 ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ವೇಗಕ್ಕೆ ಎರಡೇ ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಅಳಿಲು ನೀಲಿ, ಕಂದು ಕಡಿದು ತಿಂಗಳುಗಳೇ ಆಗಿರಬೇಕು. ಕೇಬಲ್ ಯಾರಿಗೂ ಹೇಳದೆ 100ಕ್ಕೆ ಇಳಿದು ಕೆಲಸ ಮಾಡುತ್ತಿತ್ತು. ನಮ್ಮ ಇಂಟರ್ನೆಟ್ ಪ್ಲ್ಯಾನ್ 40 ಎಂಬಿಪಿಎಸ್‌ನದ್ದು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಶನಿವಾರದ ಮಳೆ ಗಾಳಿಗೆ ಕಿತ್ತಳೆ ತಂತಿಯೂ ಸೋತಿತು. ಅದೇ ಹೊತ್ತಿಗೆ ನಾನು ಒಳಗೆ ಕೂತು ಅಪ್‌ಡೇಟ್ ಒತ್ತಿದ್ದೆ. ಎರಡು ಬೇರೆ ಬೇರೆ ರೋಗ, ಒಂದೇ ರಾತ್ರಿ. ಒಂದೇ ರೋಗ ಅಂದುಕೊಂಡು ಹೊರಟರೆ ಯಾವ ಮದ್ದೂ ನಾಟಲ್ಲ.

ತಿಪಟೂರಿನ ಕೇಬಲ್ ಟಿವಿ ಹುಡುಗನ ಹತ್ತಿರ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಇಸಕೊಂಡು ಬಂದೆ. ಆರ್‌ಜೆ45 ಕನೆಕ್ಟರ್ ನಾಲ್ಕು, ಎರಡು ತುದಿ ಸೇರಿಸುವ ಒಂದು ಕಪ್ಲರ್ ತಗೊಂಡೆ. ಕೆಟ್ಟ ಭಾಗ ಕತ್ತರಿಸಿ ಎರಡು ಕಡೆಗೂ ಹೊಸ ಕನೆಕ್ಟರ್ ಹಾಕಬೇಕು. ಬಣ್ಣದ ಸಾಲು ಅವನೇ ಬೀಡಿ ಕಟ್ಟಿನ ಹಿಂದೆ ಬರೆದುಕೊಟ್ಟಿದ್ದ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹಸಿರಿನ ಜೋಡಿ ಅಕ್ಕಪಕ್ಕ ಕೂರಲ್ಲ, ನಡುವೆ ನೀಲಿ ಜೋಡಿ ಕೂರುತ್ತದೆ, ಅಲ್ಲೇ ಎಲ್ಲರೂ ಎಡವುವುದು. ತಿರುಚಿದ ಜೋಡಿಗಳನ್ನು ಬಿಡಿಸಿ, ಬೆರಳಲ್ಲಿ ಉಜ್ಜಿ ನೆಟ್ಟಗೆ ಮಾಡಿ, ಎಂಟನ್ನೂ ಸಮಕ್ಕೆ ಕತ್ತರಿಸಿ, ಸಾಲು ಕೆಡದ ಹಾಗೆ ಉಗುರಲ್ಲಿ ಒತ್ತಿ ಹಿಡಿದು ಒಳಗೆ ತಳ್ಳಬೇಕು. ತಳ್ಳುವ ಹೊತ್ತಿಗೆ ಒಂದಾದರೂ ಜಾರುತ್ತದೆ. ಮೊದಲ ಕನೆಕ್ಟರ್ ಹಾಕಿ ನೋಡಿದರೆ ಲಿಂಕ್ ಬಂತು, ಆದರೆ ಎಥ್‌ಟೂಲ್ ಮತ್ತೆ 100 ಅಂದಿತು. ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಕಂದು ತಂತಿ ತುದಿಗೆ ತಲುಪದೆ ಒಂದು ರಾಗಿ ಕಾಳಿನಷ್ಟು ಹಿಂದೆ ನಿಂತಿತ್ತು. ಕತ್ತರಿಸಿ ಇನ್ನೊಂದು ಹಾಕಿದೆ. 1000.

ಮನೆಗೆ ಬಂದು ಎಲ್ಲ ಮೊದಲಿನ ಹಾಗೆ ಜೋಡಿಸಿದೆ. ಅಮ್ಮನ ಫೋನಿನಲ್ಲಿ ಸೀರಿಯಲ್ ಶುರುವಾಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಮೇಲೆ ಇಂಟರ್ನೆಟ್ ಬಂತು. ದೊಡ್ಡ ಫೈಲ್ ಕಳಿಸೋಕೆ ತಂತಿಯೇ ಒಳ್ಳೆಯದು ಅಂತ ಚಿಕ್ಕ ಕೇಬಲ್ ಚುಚ್ಚಿದೆ. ಇಂಟರ್ನೆಟ್ ಹೋಯಿತು. ಕಿತ್ತೆ, ಬಂತು. ಚುಚ್ಚಿದೆ, ಹೋಯಿತು. ಅಯ್ಯೋ ದೇವರೇ.

ಈ ಸಲ ಬೈಯಲಿಲ್ಲ, ಐಪಿ ರೂಟ್ ಅಂತ ಟೈಪ್ ಮಾಡಿ ನೋಡಿದೆ. ಡಿಫಾಲ್ಟ್ ಅಂತ ಎರಡು ಸಾಲು ಇತ್ತು. ತಂತಿಯ ಸಾಲಿನ ಕೊನೆಗೆ ಮೆಟ್ರಿಕ್ 100, ವೈ-ಫೈಯ ಸಾಲಿನ ಕೊನೆಗೆ ಮೆಟ್ರಿಕ್ 600. ಚಿಕ್ಕ ಸಂಖ್ಯೆಯ ದಾರಿಗೇ ಮೊದಲ ಮರ್ಯಾದೆ, ಅಂದರೆ ಎರಡೂ ಇದ್ದಾಗ ಲ್ಯಾಪ್‌ಟಾಪ್ ತಂತಿಯನ್ನೇ ಹಿಡಿಯುತ್ತದೆ. ತಂತಿಯ ದಾರಿ ಯಾವುದು ಅಂತ ನೋಡಿದರೆ 192.168.1.1. ಶನಿವಾರ ರಾತ್ರಿ ನಾನೇ ಕೈಯಾರೆ ತುಂಬಿದ್ದು! ನಮ್ಮ ಮನೆ ರೂಟರ್ 192.168.0.1, ಅದರ ಹಿಂದೆ ಕೂತು 1.1ನ್ನು ಪಕ್ಕದ ಮನೆಯವರ ಹಾಗೆ ಕೂಗಿದರೆ ಯಾರು ಓಗೊಡುತ್ತಾರೆ? ಚಿಕ್ಕಪ್ಪನ ಮನೆಯಲ್ಲಿ ಮಾತ್ರ ಅದೇ ವಿಳಾಸ ಸರಿಯಾಗಿ ಹೊಂದಿತ್ತು, ಆದ್ದರಿಂದ ಅಲ್ಲಿ ತಪ್ಪು ಬಯಲಾಗಿರಲಿಲ್ಲ. ಇನ್ನೊಂದು ಮಜಾ ಅಂದರೆ, ಕನೆಕ್ಟಿವಿಟಿ ಚೆಕ್ ಅಂತ ಒಂದಿರುತ್ತದೆ, ಅದು ಆನ್ ಇದ್ದರೆ ಇಂಟರ್ನೆಟ್ ಇಲ್ಲದ ದಾರಿಯನ್ನು ನೆಟ್‌ವರ್ಕ್ ಮ್ಯಾನೇಜರ್ ತಾನೇ ಹಿಂದಕ್ಕೆ ತಳ್ಳುತ್ತದೆ. ಅದನ್ನೂ ಅದೇ ರಾತ್ರಿ ನಾನೇ ಆಫ್ ಮಾಡಿದ್ದೆ. ಮ್ಯಾನ್ಯುಯಲ್ ಅಂತ ಇದ್ದದ್ದನ್ನು ಆಟೋಮ್ಯಾಟಿಕ್ ಮಾಡಿದೆ, ಚೆಕ್ ಆನ್ ಮಾಡಿದೆ, ಮುಗಿಯಿತು.

ಕಪ್ಲರ್ ಇರುವ ಜಾಗಕ್ಕೆ ನೀರು ಹೋಗದಂತೆ ಹಳೇ ಔಷಧಿ ಬಾಟಲಿ ಕವುಚಿ ಕಟ್ಟಿದ್ದೇನೆ. ಮರದ ಹತ್ತಿರ ಹಾದುಹೋಗುವ ಕಡೆಯೆಲ್ಲ ಹಳೇ ಡ್ರಿಪ್ ಪೈಪ್ ಉದ್ದಕ್ಕೆ ಸೀಳಿ ಕೇಬಲ್‌ಗೆ ತೊಡಿಸಿದ್ದೇನೆ, ಚಿಕ್ಕಪ್ಪ ಕೊಟ್ಟ ಐಡಿಯಾ. ನಿನ್ನೆ ಸಂಜೆ ಅತ್ತ ಹೋದಾಗ ನೋಡಿದೆ, ಮೂರನೇ ಮರದ ಹತ್ತಿರ ಪೈಪ್ ಮೇಲೆ ಎರಡು ಹೊಸ ಹಲ್ಲಿನ ಗುರುತು ಇದೆ.